ಅಡ್ಡಿಲ್ಲೆಯ ಅಳತೆ

ತೊಂಬತ್ತರ ದಶಕದಲ್ಲಿ, ಯಲ್ಲಾಪುರದ ಆಫೀಸಿನಲ್ಲಿ ನನ್ನ ಮೇಜಿನ ಒಂದು ಕಾಲು ಗಿಡ್ಡ. ಅದರಡಿಗೆ ಮಡಚಿಟ್ಟ ಸುತ್ತೋಲೆಯೇ ಇಡೀ ಆಫೀಸಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಸುತ್ತೋಲೆ ಎಂದರೆ ನೀವು ನಗಬಹುದು. ನಗಿ, ನಾನೂ ನಕ್ಕವಳೇ. ಆ ವರ್ಷ ಮಳೆಗಾಲದ ಮೊದಲ ಗಾಳಿಗೆ ತಾಲ್ಲೂಕಿನ ಕಂಬಗಳೂ ಮರಗಳೂ ಒಂದರ ಮೇಲೊಂದು ಮಲಗಿದಾಗ, ಕಟ್ಟಡಗಳ ಎಂಜಿನಿಯರಾಗಿದ್ದ ನನ್ನನ್ನು ಆ ಮೇಜಿಗೆ ಕಟ್ಟಿಹಾಕಿ, ಎಲ್ಲ ಇಲಾಖೆಗಳನ್ನು ಹೊಂದಿಸುವ ಕೆಲಸ ಕೊಟ್ಟರು.

ಹೊಂದಿಸುವುದೆಂದರೆ ಏನೆಂದುಕೊಂಡಿರಿ? ನೀರಿನವರು ಕರೆಂಟಿಗೆ ಕಾಯುತ್ತಿದ್ದರು, ಕರೆಂಟಿನವರು ರಸ್ತೆಗೆ, ರಸ್ತೆಯವರು ಬಿದ್ದ ಮರ ಕಡಿಯಲು ಅರಣ್ಯದವರ ಒಪ್ಪಿಗೆಗೆ, ಅರಣ್ಯದವರು ಚಹಾಕ್ಕೆ, ಚಹಾ ಮಾಡುವವನು ನೀರಿಗೆ. ಈ ಚಕ್ರವನ್ನು ಎಲ್ಲಿಂದಾದರೂ ತಳ್ಳಲೇಬೇಕಿತ್ತು. ನಾನು ಮನೆಯಿಂದ ಒಂದು ಕೊಡ ನೀರು ತಂದು ಚಹಾದಿಂದ ತಳ್ಳಿದೆ. ಸಂಜೆಯೊಳಗೆ ಕಿರವತ್ತಿಯ ರಸ್ತೆ ತೆರೆಯಿತು. ಅಷ್ಟು ಹೆಮ್ಮೆ ನನಗೆ ಡಿಗ್ರಿ ಬಂದ ದಿನವೂ ಆಗಿರಲಿಲ್ಲ.

ಶಾಲೆಗಳ ತಪಾಸಣೆಯೂ ನನ್ನದೇ. ಫಾರಮ್ಮಿನಲ್ಲಿ ಮೂರು ಮನೆ: ಸುಸ್ಥಿತಿ, ದುರಸ್ತಿ, ಅಪಾಯ. ಸುಸ್ಥಿತಿಯಲ್ಲಿದ್ದ ಕಟ್ಟಡಕ್ಕೆ ಮಾತ್ರ ಕರೆಂಟು, ಸೋಮವಾರದಿಂದ ಪಾಠ. ಹೋಗಲಾಗದ ಊರುಗಳನ್ನು ಫೋನಿನಲ್ಲೇ ವಿಚಾರಿಸುತ್ತಿದ್ದೆ. ಮಂಚಿಕೇರಿಯಾಚೆಯ ಒಂದು ಶಾಲೆಯ ಅಕ್ಕೋರು — ಅಲ್ಲಿ ಟೀಚರನ್ನು ಕರೆಯುವುದೇ ಹಾಗೆ — ಪೋಸ್ಟಾಫೀಸಿನ ಫೋನಿನಲ್ಲಿ ಸಿಕ್ಕಿ, "ಅಡ್ಡಿಲ್ಲೆ ಬಿಡಿ" ಎಂದರು. ಅಡ್ಡಿ ಇಲ್ಲವೆಂದ ಮೇಲೆ ಇನ್ನೇನು, ಸುಸ್ಥಿತಿಗೆ ಗುರುತು ಹಾಕಿ ಸಹಿ ಮಾಡಿದೆ. ನಾನು ಹಾವೇರಿ ಕಡೆಯವಳು. ನಮ್ಮಲ್ಲಿ ಛಾವಣಿಗೆ ತೂತು ಬಿದ್ದರೆ ಊರಿಗೆಲ್ಲ ಕೇಳುವಂತೆ ತೂತು ಎಂದೇ ಹೇಳುತ್ತಾರೆ.

ಶನಿವಾರ ಮಧ್ಯಾಹ್ನ ಕರೆಂಟು ಕೊಡಬೇಕಾದ ಶಾಲೆಗಳ ಪಟ್ಟಿ ಒಯ್ಯಲು ಬಂದ ಲೈನ್‌ಮನ್ ಮಾಬ್ಲ ಆ ಶಾಲೆಯ ಹೆಸರಿನ ಮೇಲೆ ಬೆರಳಿಟ್ಟು ನಿಂತ. ಅಕ್ಕೋರು ಫೋನಿನಲ್ಲಿ ಅಡ್ಡಿಲ್ಲೆ ಎಂದಿದ್ದಾರೆ ಎಂದೆ.

"ಮೇಡಂ, ಅಕ್ಕೋರು ಬರೀ ಅಡ್ಡಿಲ್ಲೆ ಅಂದ್ರಾ, ಅಡ್ಡಿಲ್ಲೆ ಬಿಡಿ ಅಂದ್ರಾ?"

"ಬಿಡಿ ಅಂದ್ರು. ಯಾಕಪ್ಪಾ?"

"ಹಂಗಾರೆ ಹೋಗಿ ನೋಡ್ಬೇಕು. ಬಿಡಿ ಅಂದ್ರೆ ಎಲ್ಲೋ ಏನೋ ಬಿಟ್ಕಂಡದೆ."

ಜೀಪಿನಲ್ಲಿ ದಾರಿಯುದ್ದಕ್ಕೂ ಅವನು ನನಗೆ ಪಾಠ ಹೇಳಿದ. ಊಟ ರುಚಿಯಾಗಿದ್ದರೂ ಅಡ್ಡಿಲ್ಲೆ, ಜ್ವರ ನೂರಾ ಮೂರಿದ್ದರೂ ಅಡ್ಡಿಲ್ಲೆ; ಹುಡುಗಿ ಒಪ್ಪಿಗೆಯಾದರೂ ಅದೇ, ಕಾಲು ಮುರಿದರೂ ಅದೇ. ಬಾಲದಲ್ಲಿ ಬರುವ ಮಾತನ್ನು ಮಾತ್ರ ಹುಷಾರಾಗಿ ಕೇಳಬೇಕು. ನಗುತ್ತಲೇ ಕೇಳಿದೆ. ಶಾಲೆಯ ಒಳಗೆ ಕಾಲಿಟ್ಟಾಗ ನಗು ನಿಂತಿತು. ನಡುವಿನ ತೊಲೆ ಗೇಣುದ್ದ ಜಾರಿತ್ತು, ಅದರ ಭಾರಕ್ಕೆ ಬದಿಯ ಗೋಡೆ ಹೊಟ್ಟೆ ಉಬ್ಬಿಸಿಕೊಂಡಿತ್ತು, ಗೋಡೆಯ ಬುಡದಲ್ಲೇ ಒಂದನೇ ತರಗತಿಯ ಮಣೆಗಳು ಸಾಲಾಗಿದ್ದವು. ನನ್ನ ಸಹಿ ನೆನಪಾಗಿ, ಮಾಬ್ಲನ ಕೈಯಲ್ಲಿದ್ದ ಪಟ್ಟಿಯಿಂದ ಆ ಶಾಲೆಯ ಹೆಸರು ಹೊಡೆದುಹಾಕಿದೆ.

"ಇದನ್ನ ಅಡ್ಡಿಲ್ಲ ಅಂದ್ರಲ್ರೀ ಅಕ್ಕೋರೆ?"

ಅಕ್ಕೋರು ಸೆರಗಿನ ತುದಿ ಸುತ್ತುತ್ತಾ, "ಸಿದ್ದಾಪುರದ ಬದಿಗೆ ಒಂದು ಶಾಲೆಗೆ ಒಂದು ಹಂಚೂ ಇಲ್ಲೆಡ. ಅದಕ್ಕೆ ನೋಡಿದ್ರೆ ಎಂಗಳದ್ದು ಅಡ್ಡಿಲ್ಲೆ" ಎಂದರು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಮ್ಮ ಕಷ್ಟವನ್ನು ಪಕ್ಕದವರ ಕಷ್ಟದ ಪಕ್ಕದಲ್ಲಿಟ್ಟೇ ಅಳೆಯುವ, ಅಳೆದು ತಮ್ಮದನ್ನೇ ಸಣ್ಣದೆಂದು ಹಿಂದಕ್ಕೆ ಸರಿಸುವ ಈ ಜನರಿಗೆ ನನ್ನ ಮೂರು ಮನೆಯ ಫಾರಮ್ಮು ಎಲ್ಲಿ ಸಾಕಾದೀತು ಹೇಳಿ! ಸೌಜನ್ಯವೂ ಒಮ್ಮೊಮ್ಮೆ ಅಪಾಯದ ಕಟ್ಟಡವಾಗುತ್ತದೆ ಎಂದು ಆ ದಿನ ತಿಳಿಯಿತು. ಆದರೂ ಅದರೊಳಗೆ ವಾಸಿಸುವವರನ್ನು ಪ್ರೀತಿಸದಿರಲು ನನ್ನಿಂದಾಗಲಿಲ್ಲ.

ಭಾನುವಾರ ಊರಿಗೆ ಊರೇ ಸೇರಿ, ಪಾಠಕ್ಕೆ ಜಾಗ ಮಾಡಲೆಂದು ಸೊಸೈಟಿಯ ಗೋದಾಮಿನಿಂದ ಗೊಬ್ಬರದ ಚೀಲಗಳನ್ನು ಹೊರಗೆ ಹೊತ್ತು ಹಾಕಿತು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಪ್ರತಿ ಗೋಡೆಯನ್ನೂ ನನ್ನ ಕೈಯಲ್ಲೇ ತಟ್ಟಿ ನೋಡಿದೆ. ಮಾಬ್ಲ ತಂತಿ ಎಳೆದು ಬಲ್ಬು ಹಾಕಿದ. ಸೋಮವಾರ ಮಕ್ಕಳು ಗೊಬ್ಬರದ ವಾಸನೆಗೆ ಮೂಗು ಮುಚ್ಚಿಕೊಂಡೇ ಪ್ರಾರ್ಥನೆ ಹಾಡಿದರಂತೆ.

ಗುರುವಾರ ಬೆಳಿಗ್ಗೆ ಅಕ್ಕೋರ ಫೋನು.

"ನಿನ್ನೆ ಮಗ್ಗಿ ಹೇಳೋ ಹೊತ್ತಿಗೆ ಹಳೇ ಶಾಲೆಯ ಆ ಗೋಡೆ ಬಿತ್ತು. ಒಳಗೆ ಯಾರೂ ಇರ್ಲೆ. ಒಂದು ಕಪ್ಪೆ ಇತ್ತು. ಅದೂ ಹಾರಿ ಹೊರಗೆ ಬಂತು."

ಇಬ್ಬರೂ ನಗುತ್ತಿದ್ದೆವು, ನನಗಂತೂ ಕಣ್ಣಲ್ಲಿ ನೀರು. ಫೋನಿಟ್ಟು ಹಾನಿ ವರದಿಯ ಫಾರಮ್ಮು ತೆಗೆದೆ. ಜೀವಹಾನಿ ಎಂಬಲ್ಲಿ "ಇಲ್ಲ" ಎಂದು ಬರೆದೆ, ಬರೆದದ್ದನ್ನು ಆಫೀಸಿಗೆಲ್ಲ ಕೇಳುವಂತೆ ಜೋರಾಗಿ ಓದಿದೆ.