ಕೆಂಪಿದ್ದೂ ಖಾರವಿಲ್ಲದ ಹುಳಿ

ಇವತ್ತು ಸೊಸೆ ಬಡಿಸಿದ ಹುಳಿ ಕೆಂಪಗಿತ್ತು, ಆದರೆ ಖಾರವೇ ಇರಲಿಲ್ಲ. ಬಣ್ಣ ಬೆರೆಸಿದಾಳೇನೋ ಎಂದು ಅಡುಗೆಮನೆಯಲ್ಲಿ ಹುಡುಕಿದರೆ ಪ್ಯಾಪ್ರಿಕಾ ಡಬ್ಬಿ ಸಿಕ್ಕಿತು, ಖಾರವಿಲ್ಲದ ಮೆಣಸಿನ ಪುಡಿ. ಚಾಮರಾಜಪೇಟೆಯ ಮನೆಯ ತಾತ ನೆನಪಾದರು.

ಅವರಿಗೂ ಇದೇ ಅನುಮಾನ. "ಬಣ್ಣ ಬೆರೆಸಿದಾರೆ ಕಣಮ್ಮ," ಎಂದು ಅಮ್ಮನ ಖಾರದ ಪುಡಿಯನ್ನು ಲೋಟದ ನೀರಿಗೆ ಉದುರಿಸಿ, ಕನ್ನಡಕ ಏರಿಸಿ ಕಾಯುತ್ತಿದ್ದರು. ಪುಡಿ ಬಣ್ಣ ಬಿಡುತ್ತಿರಲಿಲ್ಲ, ತಾತ ಅನುಮಾನ ಬಿಡುತ್ತಿರಲಿಲ್ಲ.

"ಈ ಸಲದ ಮೆಣಸಿನಕಾಯೇ ಹಾಗಿದೆ ಮಾವ," ಎನ್ನುತ್ತಿದ್ದಳು ಅಮ್ಮ.

ತಾತನ ಹೊಟ್ಟೆಯಲ್ಲಿ ಹುಣ್ಣಿತ್ತು. ಸಪ್ಪೆ ಊಟ ಕಂಡರೆ ಎಲೆ ಬಿಟ್ಟು ಏಳುತ್ತಿದ್ದರು. ಅದಕ್ಕೇ ಅಮ್ಮ ಹಿತ್ತಿಲಲ್ಲಿ ಕೂತು, ಬ್ಯಾಡಗಿ ಮೆಣಸಿನಕಾಯಿ ಸೀಳಿ, ಬೀಜವನ್ನೆಲ್ಲ ಕೊಡವಿ, ಆಮೇಲೆ ಮಿಲ್ಲಿಗೆ ಒಯ್ಯುತ್ತಿದ್ದಳು.

"ಇದನ್ನ ಯಾಕಮ್ಮ ತಂದಿದೀಯ?" ಎಂದು ಸೊಸೆಯನ್ನು ಕೇಳಿದೆ.

"ಬಣ್ಣ ಚೆನ್ನಾಗಿ ಬರತ್ತೆ ಅತ್ತೆ."

ನನ್ನ ಹೊಟ್ಟೆನೋವಿನ ಮಾತ್ರೆಗಳನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೇನೆ. ಇವಳು ಯಾವಾಗ ನೋಡಿದಳು?