ಎರಡಾದರೆ ಓಡು, ಒಂದಾದರೆ ಬಾ

ಕಳೆದ ಗುರುವಾರ ನನ್ನ ಮೋಟಾರ್ ಸ್ಕೂಟರು ಎರಡು ಸಲ ಢಂ ಎಂದು ನಿಂತುಹೋಯಿತು. ಅಷ್ಟಕ್ಕೇ ಒಂದು ಮನೆ ಖಾಲಿಯಾಯಿತು.

ಸ್ಕೂಟರಿನ ಪುರಾಣ ನಿಮಗೆ ಹೊಸದಲ್ಲ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಕುಳ್ಳ ಗಾಡಿ. ಆಳಂದದಲ್ಲಿ ಯಾರದೋ ಹಿತ್ತಲಲ್ಲಿ ಬಿದ್ದಿತ್ತು, ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಕೋಳಿ ಎಬ್ಬಿಸಿ ಗಾಡಿ ತಂದೆ. (ಶಾಪ ಕೋಳಿಯದೇ ಇರಬೇಕು.) ಅಫಜಲಪುರದ ಕೋರ್ಟಿಗೆ ಸ್ಕೂಟರ್ ಮೇಲೆ ಹೋಗುವ ವಕೀಲ ನಾನೊಬ್ಬನೇ. ಹತ್ತುವುದಕ್ಕಿಂತ ತಳ್ಳುವುದೇ ಹೆಚ್ಚು, ಆ ಮಾತು ಬೇರೆ. ನನ್ನ ಹೆಂಡತಿ ಅದನ್ನು ಸವತಿ ಎಂದೇ ಕರೆಯುತ್ತಾಳೆ.

ಹದಿನೈದು ದಿನದಿಂದ ಅದಕ್ಕೆ ಹೊಸ ರೋಗ. ಓಡುತ್ತಾ ಓಡುತ್ತಾ ಕೆಮ್ಮುವುದು, ಢಂ ಎನ್ನುವುದು, ನಿಲ್ಲುವುದು. ಪೆಟ್ರೋಲಿಗೆ ರೇಶನ್. ಸಿಕ್ಕಷ್ಟಕ್ಕೆ ಸೀಮೆಎಣ್ಣೆ ಬೆರೆಸಿದ್ದೆ. (ಬೆರೆಸದವರು ಕೈ ಎತ್ತಿ ನೋಡೋಣ.) ಒಂದು ದಿನ ಕೋರ್ಟಿನ ಮುಂದೆಯೇ ಢಂ ಎಂದಿತು. ಜವಾನ ಮೇಜಿನ ಕೆಳಗೆ ತೂರಿಕೊಂಡ. ವಕೀಲರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈ ಭಾಗದಲ್ಲಿ ಎಂಜಿನ್ನಿನ ಮರ್ಮ ಬಲ್ಲವರು ಇಮಾಮಸಾಬ ಮಿಸ್ತ್ರಿ. ಇಪ್ಪತ್ತು ವರ್ಷ ಬಸ್ಸುಗಳ ಕೆಳಗೆ ಅಂಗಾತ ಮಲಗಿ ಕೆಲಸ ಮಾಡಿದವರು. ಚೌಡಾಪುರದ ಈಚೆ, ರಸ್ತೆಯಿಂದ ಒಳಗೆ, ನನ್ನ ಸೋದರಮಾವನ ಹಳ್ಳಿಯಲ್ಲಿ ಅವರ ಮನೆ. ಹಳ್ಳಿಯ ಹೆಸರು ಬೇಡ. ಯಾಕೆ ಬೇಡ ಎಂಬುದು ನಿಮಗೇ ತಿಳಿಯುತ್ತದೆ.

ಗುರುವಾರ ಇಳಿಹೊತ್ತಿನಲ್ಲಿ ಊರ ಅಗಸಿಬಾಗಿಲ ಹತ್ತಿರ ಬಂದಿದ್ದೆ. ಢಂ. ಮತ್ತೆ ಢಂ. ಗಾಡಿ ಸತ್ತಿತು. ಕಟ್ಟೆಯ ಮೇಲೆ ಕೂತಿದ್ದ ಮೂವರು ಹಲ್ಲು ಕಿರಿದರು. ‘ವಕೀಲ್ ಸಾಹೇಬ್ರು ತೋಪು ತಗೊಂಡು ಬಂದಾರ’ ಎಂದ ಒಬ್ಬ. ನಾನು ಮುಖ ಗಂಟು ಹಾಕಿಕೊಂಡು ಗಾಡಿಯನ್ನು ಮಿಸ್ತ್ರಿಯವರ ಮನೆಗೆ ತಳ್ಳಿದೆ.

ಬಾಗಿಲು ಹಾರು ಹೊಡೆದಿತ್ತು. ಒಲೆಯ ಮೇಲೆ ಹಂಚು, ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ತೊಲೆಗೆ ಕಟ್ಟಿದ ಜೋಲಿ ತೊಟ್ಟಿಲು ಇನ್ನೂ ಸಣ್ಣಗೆ ತೂಗುತ್ತಿತ್ತು. ಒಳಗೆ ಕೂಸಿಲ್ಲ. ‘ಮಿಸ್ತ್ರಿಯವರೇ’ ಎಂದು ಎರಡು ಸಲ ಕೂಗಿದೆ. ಯಾರೂ ಓಗೊಡಲಿಲ್ಲ.

ಪಕ್ಕದ ಮನೆಯ ನಾಗಮ್ಮ ಬಂದಳು. ನನ್ನ ತಾಯಿಯ ವಾರಿಗೆಯವಳು. ಬಂದವಳೇ ಬರಿಗೈಯಲ್ಲಿ ರೊಟ್ಟಿ ತೆಗೆದು ಒಲೆಯ ಉರಿ ತಗ್ಗಿಸಿದಳು.

‘ಎರಡು ಹೊಡದದ್ದು ನಿನ್ನ ಗಾಡಿ ಏನು ತಮ್ಮಾ?’

‘ಹೌದವ್ವಾ. ಮಿಸ್ತ್ರಿ ಎಲ್ಲಿ ಹೋದ್ರು?’

‘ಇನ್ನೆಲ್ಲಿ ಹೋಗ್ತಾರ? ತೊಗರಿ ಹೊಲಕ್ಕ. ಬಾಣಂತಿ ಮಗಳನ್ನೂ ಎಬ್ಬಿಸ್ಕೊಂಡು ಓಡಿದ್ರು. ಹನ್ನೊಂದು ದಿನದ ಕೂಸು. ಮೊನ್ನಿಂದ ಅದರ ಎದಿ ಗೊರ್ ಗೊರ್ ಅನ್ನಾಕತ್ತದ.’

ಎರಡು ಎಂದರೇನು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಹೋದ ಚಳಿಗಾಲ ನೆನಪಿದೆಯಲ್ಲ? ಬಂದೂಕು ಹಿಡಿದ ತಂಡಗಳು ಲಾರಿಯಲ್ಲಿ ಹಳ್ಳಿಗೆ ನುಗ್ಗಿ ಮನೆ ಸುಡುತ್ತಿದ್ದ ಕಾಲ. ನಾನು ತಾಯಿ, ಹೆಂಡತಿಯನ್ನು ಕರೆದುಕೊಂಡು ಇದೇ ಹಳ್ಳಿಗೆ ಬಂದು ಸೋದರಮಾವನ ಮನೆ ಸೇರಿದ್ದೆ. ಆಗ ಇಮಾಮಸಾಬರು ಲಾರಿಯ ಹಳೆಯ ಪೈಪಿನಿಂದ ಒಂದು ಕೊಳವೆ ಮಾಡಿದರು. ಅದಕ್ಕೆ ಮದ್ದು ತುಂಬಿ ಮಾಳಿಗೆಯ ಮೇಲೆ ತಾವೇ ಕಾವಲು ಕೂತರು. ದೂರದಲ್ಲಿ ಲಾರಿಯ ಧೂಳು ಕಂಡರೆ ಎರಡು ಢಂ. ಎಲ್ಲರೂ ಹೊಲಕ್ಕೆ ಓಡಬೇಕು. ಲಾರಿ ಹೋದ ಮೇಲೆ ಒಂದು ಢಂ. ಮನೆಗೆ ಬರಬಹುದು. ಮೂರು ಸಲ ನಾನು ತಾಯಿಯನ್ನು ಬೆನ್ನ ಮೇಲೆ ಹೊತ್ತು ಜೋಳದ ಹೊಲದಲ್ಲಿ ಕೂತಿದ್ದೇನೆ. ‘ನಿಮ್ಮ ಜಾತಿಯವರು ಬಂದರೆ ನಿನಗೇನು ಭಯ’ ಎಂದು ಯಾರೋ ಮಿಸ್ತ್ರಿಯವರನ್ನು ಕೇಳಿದ್ದಕ್ಕೆ ಅವರು ಆ ದಿನ ಊಟಕ್ಕೂ ಮಾಳಿಗೆಯಿಂದ ಇಳಿದಿರಲಿಲ್ಲ.

ಆಮೇಲೆ ಹಿಂದೂಸ್ತಾನದ ಫೌಜು ಬಂತು. ಲಾರಿಯವರು ಮಾಯವಾದರು. ನಾವು ನಿರಾಳವಾಗಿ ಉಸಿರು ಬಿಟ್ಟೆವು. ಮುಂದೆ ಕೆಲವು ಊರುಗಳಲ್ಲಿ ಏನಾಯಿತು, ನಮ್ಮವರು ಯಾರ ಮನೆಗೆ ನುಗ್ಗಿದರು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನಾವು ಅದನ್ನು ಜೋರಾಗಿ ಮಾತಾಡುವುದಿಲ್ಲ.

‘ನಡಿಯವ್ವಾ, ಹೊಲದ ಬದುವಿನ ಮ್ಯಾಲ ನಿಂತು ಕರಿಯೋಣ’ ಎಂದೆ.

ನಾಗಮ್ಮ ತಲೆಯಾಡಿಸಿದಳು. ‘ಬರಂಗಿಲ್ಲ ತಮ್ಮಾ. ಆಚಿ ಊರಾಗ ಅಡಗಿ ಕೂತವರನ್ನ ಹೆಸರು ಹಿಡದೇ ಕರದ್ರು. ಗುರುತಿನ ದನಿ ಅಂತ ಬಂದವರು ತಿರುಗಿ ಮನಿ ಸೇರಲಿಲ್ಲ. ಹೋದ ಅಮಾಸಿಗಿ ಯಾರೋ ಎರಡು ಪಟಾಕಿ ಹಾರಿಸಿದ್ರು. ನಾ ಗಂಟಲು ಹರಕೊಂಡೆ. ಇವರು ಬೆಳತನಕ ಹೊಲದಾಗೇ ಇದ್ರು.’

‘ಆ ಕೊಳವಿ?’

‘ಹತ್ಯಾರ ಒಪ್ಪಿಸ್ರಿ ಅಂತ ಡಂಗುರ ಹೊಡದ್ರಲ್ಲ, ಅವತ್ತೇ ಒಯ್ದು ಕೊಟ್ಟು ಬಂದ.’

ಹೊರಗೆ ಮೋಡ ಕವಿದಿತ್ತು. ಹಿಂಗಾರಿಯ ಹನಿ ಒಂದೊಂದಾಗಿ ಬೀಳತೊಡಗಿತು. ಕೂಸಿನ ಎದೆ ಮೊದಲೇ ಕಟ್ಟಿದೆ, ಬಾಣಂತಿಯ ಕಿವಿಗೆ ಗಾಳಿ ತಾಗಬಾರದು. ಬೆಳಗಾಗುವ ತನಕ ಎಂದರೆ ಏನು ಗತಿ? ನನಗೆ ಬೇಕಾದದ್ದು ಒಂದೇ ಒಂದು ಢಂ, ಅದರ ಅರ್ಥ ಈ ಊರಿನವರಿಗಷ್ಟೇ ಗೊತ್ತು. ಊರಿನಲ್ಲಿ ಅದನ್ನು ಮಾಡಬಲ್ಲ ವಸ್ತುವೂ ಒಂದೇ. ನನ್ನ ಸತ್ತ ಸ್ಕೂಟರು.

ವಿಚಿತ್ರ ನೋಡಿ. ಹದಿನೈದು ದಿನ ಈ ಢಂ ನಿಲ್ಲಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದವನು ಈಗ ಒಂದು ಢಂ ಕೊಡಪ್ಪಾ ಎಂದು ಬೇಡುತ್ತಿದ್ದೆ.

ಕಿಕ್ ಹೊಡೆದೆ. ಪುಸ್ ಎಂದಿತು. ಹತ್ತು ಹೊಡೆದೆ. ಹತ್ತು ಪುಸ್.

ಮಿಸ್ತ್ರಿಯವರದೇ ಒಂದು ಪಾಠ ಇದೆ: ‘ಮೊದಲ ಎಣ್ಣಿ ನೋಡ್ರಿ, ಆಮ್ಯಾಲ ಕಿಡಿ, ಆಮ್ಯಾಲ ಗಾಳಿ. ಸಿಟ್ಟು ಎಲ್ಲಕ್ಕಿಂತ ಕಡೀಕ.’ ನಾನು ಯಾವಾಗಲೂ ಕಡೆಯದರಿಂದಲೇ ಶುರುಮಾಡುವವನು. ಅವತ್ತು ಕ್ರಮವಾಗಿ ಹೋದೆ. ನಳಿಕೆ ಬಿಚ್ಚಿದೆ, ಎಣ್ಣೆ ಬರುತ್ತಿತ್ತು. ಪ್ಲಗ್ ಬಿಚ್ಚಿದೆ. ಹಂಚಿನ ತಳದಷ್ಟು ಕಪ್ಪು, ಮೇಲೆ ಎಣ್ಣೆಯ ಜಿಡ್ಡು. ನನ್ನ ಸೀಮೆಎಣ್ಣೆಯ ಪುಣ್ಯ. ನಾಗಮ್ಮ ತುರುಬಿನ ಪಿನ್ನು ಕಿತ್ತುಕೊಟ್ಟಳು. ಕೆರೆದೆ, ಸೆರಗಿನಿಂದ ಅವಳೇ ಒರೆಸಿದಳು, ಒಲೆಯ ಕೆಂಡದ ಬದಿಗೆ ಹಿಡಿದು ಕಾಯಿಸಿದಳು. ತಂತಿ ಸಿಕ್ಕಿಸಿ, ಪ್ಲಗ್ಗನ್ನು ಕಬ್ಬಿಣಕ್ಕೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಚಟ್ ಎಂದಿತು. ಕುಸುರಿ ಕೆಲಸದ ಕೈಯಲ್ಲ ನನ್ನದು, ಆದರೂ ತಿರುಪು ಬಿಗಿದೆ.

ಮೂರನೇ ಕಿಕ್ಕಿಗೆ ಚಾಲು ಆಯಿತು. ಎಷ್ಟು ಚೆನ್ನಾಗಿ ಎನ್ನುತ್ತೀರಿ? ಕೆಮ್ಮಿಲ್ಲ, ದಮ್ಮಿಲ್ಲ, ಟುರ್ ಎಂದು ಒಂದೇ ಸಮ. ಕೊಂಡ ಮೇಲೆ ಒಂದು ದಿನವೂ ಹಾಗೆ ಓಡಿರಲಿಲ್ಲ. ನನಗೆ ಅಳುವೇ ಬಂತು.

‘ಢಂ ಅಂತ ಹೊಡೀವಲ್ದಲ್ಲೋ’ ಎಂದಳು ನಾಗಮ್ಮ.

ಒಂದು ಉಪಾಯವಿತ್ತು. ಹಿಂದೊಮ್ಮೆ ಇಳಿಜಾರಿನಲ್ಲಿ ಸ್ವಿಚ್ ಬಂದ್ ಮಾಡಿ ಮತ್ತೆ ಒತ್ತಿದ್ದೆ. ಸುಡದೆ ಉಳಿದ ಎಣ್ಣೆಯೆಲ್ಲ ಸೈಲೆನ್ಸರಿಗೆ ಹೋಗಿ ಅಲ್ಲಿ ಸಿಡಿದಿತ್ತು. ಮಿಸ್ತ್ರಿ ಚೆನ್ನಾಗಿ ಬೈದಿದ್ದರು. ಅದನ್ನೇ ಈಗ ಬೇಕೆಂದು ಮಾಡಬೇಕು. ಆದರೆ ಒಂದೇ ಸಲ. ನನ್ನ ಗಾಡಿಗೆ ಜೋಡಿಯಾಗಿ ಹೊಡೆದೇ ಅಭ್ಯಾಸ. ಎರಡಾದರೆ ಅವರು ಇನ್ನೂ ಒಳಗೆ, ಹಳ್ಳದ ಕಡೆಗೆ ಓಡುತ್ತಾರೆ.

ಅಗಸಿಯಿಂದ ಹೊಲದ ಕಡೆಗೆ ಇಳುಕಲು. ಹತ್ತಿದೆ. ಅರ್ಧ ದಾರಿಯಲ್ಲಿ ಸ್ವಿಚ್ ಬಂದ್. ಒಂದು, ಎರಡು, ಮೂರು ಎಣಿಸಿದೆ. ಒತ್ತಿದೆ.

ಢಂ.

ತಕ್ಷಣ ಸ್ವಿಚ್ ಬಂದ್, ಎಣ್ಣೆಯ ನಲ್ಲಿ ಬಂದ್. ಗಾಡಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬದುವಿನ ಹತ್ತಿರ ನಿಂತೆ. ಸೈಲೆನ್ಸರ್ ಟಿಕ್ ಟಿಕ್ ಎನ್ನುತ್ತಿತ್ತು. ಇನ್ನೊಂದು ಬೇಡ, ಇನ್ನೊಂದು ಬೇಡ ಎಂದು ಬಾಯಿಬಿಟ್ಟೇ ಹೇಳುತ್ತಿದ್ದೆ. ಬರಲಿಲ್ಲ. ಕಟ್ಟೆಯ ಮೇಲಿನ ಮೂವರೂ ಎದ್ದು ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ಹೋದ ವರ್ಷ ಆ ಒಂದು ಢಂ ಸದ್ದಿಗಾಗಿ ಅವರೂ ಕಾದವರೇ.

ಎಷ್ಟು ಹೊತ್ತೋ. ಕಡೆಗೆ ತೊಗರಿ ಅಲುಗಿತು. ಮೊದಲು ಮಿಸ್ತ್ರಿ, ಹಿಂದೆ ಅವರ ಹೆಂಡತಿ, ಆಮೇಲೆ ಜೇವರ್ಗಿಯಿಂದ ಹೆರಿಗೆಗೆ ಬಂದಿದ್ದ ಮಗಳು. ಬರಿಗಾಲು. ಸೆರಗಿನೊಳಗೆ ಕೂಸು ಕ್ಷೀಣವಾಗಿ ಅತ್ತಿತು. ಅಳು ಕೇಳಿ ನನಗೆ ಜೀವ ಬಂತು. ನಾಗಮ್ಮ ಓಡಿಹೋಗಿ ತಾಯಿ-ಕೂಸು ಇಬ್ಬರಿಗೂ ಕಂಬಳಿ ಹೊದಿಸಿ ತನ್ನ ಮನೆಗೇ ಕರೆದೊಯ್ದಳು.

ಮಿಸ್ತ್ರಿ ನೇರ ಗಾಡಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು.

‘ಪ್ಲಗ್ ಒರಸೀರಿ. ಆದ್ರ ಸೀಮಿ ಎಣ್ಣಿ ಇನ್ನೂ ಅದ. ಸಪ್ಪಳದಾಗೇ ಗೊತ್ತಾಗ್ತದರಿ.’

ಹೆದರಿಕೆ ಇಳಿದ ಮೇಲೆ ನನಗೆ ಬರುವುದು ಸಿಟ್ಟು. ‘ಅಲ್ರೀ, ಸಪ್ಪಳದಾಗ ಸೀಮಿ ಎಣ್ಣಿ ಗೊತ್ತಾಗೋರಿಗೆ ಮೊದಲಿನ ಎರಡೂ ಗಾಡಿ ಸಪ್ಪಳ ಅಂತ ಗೊತ್ತಾಗಲಿಲ್ಲೇನು? ಹಸಿ ಬಾಣಂತಿನ್ನ ಎಬ್ಬಿಸ್ಕೊಂಡು ಓಡಿದ್ರಲ್ಲ.’

ಅವರು ತಲೆಯೆತ್ತದೆ ಹೇಳಿದರು. ‘ಗಾಡಿ ಅಂತ ಗೊತ್ತಾತ್ರಿ ವಕೀಲ್ ಸಾಬ್. ಮ್ಯಾಲ ಕೂತವರು ಯಾರು ಅಂತ ಗೊತ್ತಾಗಲಿಲ್ಲ.’

ಇಪ್ಪತ್ತು ವರ್ಷ ಕೋರ್ಟಿನಲ್ಲಿ ಬಾಯಿ ಬಡಿದುಕೊಂಡವನು ನಾನು. ಸಪ್ಪಳ ಮಾಡಿದ್ದು ನಾನಲ್ಲ, ಗಾಡಿ ಎಂದು ವಾದಿಸಬಹುದಿತ್ತು. ಬೇರೆ ಊರಿನಲ್ಲಿ ಯಾರೋ ಮಾಡಿದ್ದಕ್ಕೆ ನಾನೇನು ಮಾಡಲಿ ಎಂದೂ ಕೇಳಬಹುದಿತ್ತು. ಹೋದ ವರ್ಷ ಅವರೂ ಹಾಗೆಯೇ ಕೇಳಬಹುದಿತ್ತಲ್ಲ. ಕೇಳದೆ ಮಾಳಿಗೆ ಹತ್ತಿದ್ದರು.

ಕೂಸಿನ ಎದೆ ಹಗುರಾಗಿದೆ, ಹಾಲು ಕುಡಿಯುತ್ತಿದೆ ಎಂದು ನಿನ್ನೆ ಸುದ್ದಿ ಬಂತು. ಗಾಡಿಯೂ ಈಗ ಗುಣವಾಗಿದೆ, ಒಂದೇ ಕಿಕ್ಕಿಗೆ ಚಾಲು. ಆದರೂ ಯಾವ ಊರಿಗೆ ಹೋದರೂ ನಾನೀಗ ಊರ ಹೊರಗೇ ಇಳಿದು, ಮುಖ ಕಾಣುವ ಹಾಗೆ ನಡೆದು ಹೋಗುತ್ತೇನೆ. ನೀವು?