ದೆಲ್ಮಿರಾಳ ಸಂಬಳ

ಪೋರ್ಚುಗಲ್‌ನಿಂದ ಕೆಲಸ ಹುಡುಕಿಕೊಂಡು ಜ್ಯೂರಿಕ್‌ಗೆ ಬಂದವರು ಯಾರೇ ಇರಲಿ, ದೆಲ್ಮಿರಾ ಮೊದಲು ಅವರ ಬಾಯಿ ತೆಗೆಸಿ ಹಲ್ಲು ನೋಡುತ್ತಿದ್ದಳು. ಅಡುಗೆಮನೆಯ ದೀಪದ ಕೆಳಗೆ ಕುರ್ಚಿ ಎಳೆದು ಕೂರಿಸಿ, ಗದ್ದ ಹಿಡಿದು ತಲೆ ಮೇಲಕ್ಕೆತ್ತಿ, ಕನ್ನಡಕ ಸರಿಮಾಡಿಕೊಂಡು ಬಗ್ಗುತ್ತಿದ್ದಳು.

"ಆ ಅನ್ನು. ಇನ್ನೂ ದೊಡ್ಡದಾಗಿ. ಅಯ್ಯೋ ದೇವ್ರೇ, ಒಳಗಡೆ ಎರಡು ದವಡೆ ಹುಳುಕಾಗಿದ್ಯಲ್ಲೋ! ಇಲ್ಲಿನ ಡಾಕ್ಟ್ರು ಇದಕ್ಕೆ ಕೈ ಹಾಕಿದ್ರೆ ನಿನ್ನ ಮೊದಲನೇ ಸಂಬಳ ಪೂರ್ತಿ ನುಂಗ್ತಾನೆ. ಮೊದ್ಲು ಊರಿಗೆ ಹೋಗಿ ರಿಪೇರಿ ಮಾಡಿಸ್ಕೊಂಡು ಬಾ. ಸಹಿಗಿಹಿ ಎಲ್ಲ ಆಮೇಲೆ."

ಹಲ್ಲು ಪಾಸಾದರೆ ಕೆಲಸದ ಕರಾರುಪತ್ರ ಮೇಜಿನ ಮೇಲೆ ಬರುತ್ತಿತ್ತು. ಆಗಲೂ ಸಂಬಳವನ್ನು ಅವಳು ಕೊನೆಗೇ ನೋಡುವುದು. ಮಲಗುವುದು ಎಲ್ಲಿ, ಆರೋಗ್ಯ ವಿಮೆ ಎಷ್ಟು, ರೈಲಿನ ಪಾಸು ಎಲ್ಲಿಂದ ಎಲ್ಲಿಗೆ, ಮಧ್ಯಾಹ್ನದ ಊಟ ಡಬ್ಬಿಯದೋ ಹೊರಗಿನದೋ, ಇದೆಲ್ಲ ಬಾಯಿಬಿಡಿಸಿದ ಮೇಲೆಯೇ ಪತ್ರ ತಿರುವುತ್ತಿದ್ದಳು. ಅಷ್ಟರಲ್ಲಿ ಬಂದವನು ತಡೆಯಲಾರದೆ "ನಮ್ಮೂರ ಲೆಕ್ಕದಲ್ಲಿ ಇದು ನಾಲ್ಕು ಪಟ್ಟು" ಅಂದನೋ, ಮುಗಿಯಿತು. ಒಲೆಯ ಪಕ್ಕ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಇಲ್ಲಿನ ಸಂಬಳವನ್ನು ಊರಿನ ಲೆಕ್ಕಕ್ಕೆ ಗುಣಿಸಿದವರು ಅದಕ್ಕೆ ಒಂದು ಫ್ರಾಂಕ್ ದಂಡ ಹಾಕಬೇಕು.

"ಕಾಫಿ ಊರಲ್ಲಿ ಕುಡೀತೀಯೋ ಇಲ್ಲಿ ಕುಡೀತೀಯೋ? ಇಲ್ಲಿ ತಾನೇ? ಹಾಗಾದ್ರೆ ಲೆಕ್ಕನೂ ಇಲ್ಲೀದೇ ಮಾಡು. ಹಾಕು ಡಬ್ಬಕ್ಕೆ."

ಜೂನ್ ತಿಂಗಳಲ್ಲಿ ನಮ್ಮ ಪೋರ್ಚುಗೀಸ್ ಸಂಘದವರು ಸಾರ್ಡೀನ್ ಮೀನು ಸುಡುವಾಗ ಇದ್ದಿಲು, ವೈನು ಎಲ್ಲ ಆ ದಂಡದ ದುಡ್ಡಿನಿಂದಲೇ ಬರುತ್ತಿತ್ತು. ಯಾವ ವರ್ಷವೂ ಕಡಿಮೆ ಬಿದ್ದದ್ದಿಲ್ಲ.

ನಾನು ಅಬೀಲಿಯೊ. ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿ ಶ್ಲೀರೆನ್‌ನಲ್ಲಿದೆ. ಅಲ್ಲಿ ದೆಲ್ಮಿರಾ ಸೇರಿ ಇಪ್ಪತ್ತಾರು ವರ್ಷ, ನಾನು ಸೇರಿ ಇಪ್ಪತ್ತೆರಡು. ಇಸ್ತ್ರಿಯ ರೋಲರಿಗೆ ಬೆರಳು ಕೊಡದೆ ಹಾಸಿಗೆ ಬಟ್ಟೆ ಉಣಿಸುವುದನ್ನು ನನಗೆ ಕಲಿಸಿದವಳು ಅವಳೇ. ಊರಲ್ಲಿದ್ದಾಗಲೇ ಅವಳ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು ನಾನು. ಅದಕ್ಕೇ ನನ್ನನ್ನು ಹೆಸರು ಹಿಡಿದು ಕರೆಯದೆ ನಮ್ಮ ಕಡೆಯ ಪದ್ಧತಿಯಂತೆ 'ಕೊಂಪಾದ್ರೆ' ಅನ್ನುತ್ತಿದ್ದಳು. ಶನಿವಾರ ಗಡಿ ದಾಟಿ ಜರ್ಮನಿಗೆ ಅಗ್ಗದ ಮಾಂಸ ತರಲು ಹೋಗುವಾಗ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಪ್ರೀತಿಗೇನಲ್ಲ. ಸುಂಕವಿಲ್ಲದೆ ತಲೆಗೆ ಒಂದೇ ಕಿಲೋ ಬಿಡುತ್ತಾರೆ. ಗಂಡ ಸತ್ತ ಮೇಲೆ ಅವನ ಪಾಲಿನ ಕಿಲೋ ಖಾಲಿ ಹೋಗುತ್ತಿತ್ತು, ಅದಕ್ಕೆ ನಾನು.

ಈ ಊರಿನ ಜನ ತಮ್ಮ ಮೂಲವ್ಯಾಧಿಯ ವಿಷಯವನ್ನಾದರೂ ಹೇಳಿಯಾರು, ಸಂಬಳದ ವಿಷಯ ಹೇಳಲಾರರು. ಕೇಳಿದವನನ್ನು ಮೇಲೆ ಕೆಳಗೆ ನೋಡುತ್ತಾರೆ. ಇವರ ಭಾಷೆ ಕಲಿಯಲು ನಮಗೆ ಹತ್ತು ವರ್ಷ ಬೇಕಾಯಿತು, ಈ ಮೌನ ಮಾತ್ರ ಹತ್ತೇ ದಿನದಲ್ಲಿ ಮೈಗೆ ಹತ್ತಿತು. ನಮ್ಮವರೆಲ್ಲರ ಸಂಬಳ ಬಲ್ಲ ದೆಲ್ಮಿರಾಳ ಸಂಬಳ ಎಷ್ಟೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನೂ ಕೇಳಿದವನಲ್ಲ.

ಹೋದ ಚಳಿಗಾಲದಲ್ಲಿ ಆಲ್ಟ್‌ಸ್ಟೆಟನ್‌ನಲ್ಲಿದ್ದ ಅವಳ ಹಳೇ ಕಟ್ಟಡವನ್ನು ಒಡೆದು ಹೊಸದು ಕಟ್ಟುತ್ತೇವೆಂದು ಮಾಲೀಕರು ಎಲ್ಲ ಬಾಡಿಗೆದಾರರಿಗೂ ಪತ್ರ ಹಾಕಿದರು. ಸೆಪ್ಟೆಂಬರ್ ಕೊನೆಯೊಳಗೆ ಖಾಲಿ ಮಾಡಬೇಕು. ದೆಲ್ಮಿರಾ ಹುಡುಕಿದ ಮನೆಗಳಲ್ಲಿ ತೀರಾ ಅಗ್ಗದ್ದೆಂದರೆ ಸಾವಿರದ ನಾನೂರು ಫ್ರಾಂಕ್. ಬಾಡಿಗೆಯ ಮೂರರಷ್ಟು ಸಂಬಳ ಇಲ್ಲದವರ ಅರ್ಜಿಯನ್ನು ಇಲ್ಲಿ ಯಾರೂ ಓದುವುದೂ ಇಲ್ಲ. ಅಂದರೆ ನಾಲ್ಕು ಸಾವಿರದ ಇನ್ನೂರು ಬೇಕು.

"ಅಷ್ಟು ನಿಂಗೆ ಇದ್ದೇ ಇರತ್ತಲ್ಲ, ಚಿಂತೆ ಯಾಕೆ?" ಅಂದೆ. ಅವಳು ಒಲೆಯ ಕಡೆ ತಿರುಗಿ ಸೂಪು ಕಲಕತೊಡಗಿದಳು. ಮನೆ ಸಿಗದಿದ್ದರೆ ಊರಿಗೆ ವಾಪಸು ಹೋಗಬೇಕಾಗುತ್ತದೆ. ಅಲ್ಲಿ ಅವಳಿಗೆಂದು ಯಾರೂ ಉಳಿದಿರಲಿಲ್ಲ, ಮಗಳು ಮೊಮ್ಮಕ್ಕಳು ಇರುವುದು ಇದೇ ದೇಶದ ಲೋಸಾನ್‌ನಲ್ಲಿ.

ಫೆಬ್ರವರಿಯ ಒಂದು ಭಾನುವಾರ ಸೊರಾಯಾ ಬಂದಳು. ಶಾವೆಸ್ ಊರಿನ ಇಪ್ಪತ್ಮೂರರ ಹುಡುಗಿ. ನಮ್ಮ ಲಾಂಡ್ರಿಯಲ್ಲೇ, ದೆಲ್ಮಿರಾ ಮಾಡುವ ಕೆಲಸಕ್ಕೇ ಆಯ್ಕೆಯಾಗಿದ್ದಳು. ನಾನು ಅಲ್ಲೇ ಕೂತು ಎಲೆಕೋಸಿನ ಸೂಪು ಕುಡಿಯುತ್ತಿದ್ದೆ. ಹಲ್ಲು ಚೆನ್ನಾಗಿದ್ದವು. ಮಲಗಲು ಇನ್ನಿಬ್ಬರ ಜೊತೆ ಕೋಣೆ ಗೊತ್ತಾಗಿತ್ತು. ದೆಲ್ಮಿರಾ ಪತ್ರ ತಿರುವಿದವಳು ಹಾಗೇ ನಿಂತುಬಿಟ್ಟಳು. ಕನ್ನಡಕ ತೆಗೆದು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಒರೆಸಿಕೊಂಡು ಮತ್ತೆ ಓದಿದಳು.

"ಕಡಿಮೆನಾ, ದೋನಾ ದೆಲ್ಮಿರಾ?" ಹುಡುಗಿಗೆ ಗಾಬರಿ. "ನಾಲ್ಕು ಸಾವಿರದ ಐವತ್ತು ಅಂದ್ರು. ನಾನು ಏನೂ ಚೌಕಾಸಿ ಮಾಡ್ಲಿಲ್ಲ."

"ಇಲ್ಲ ಮಗಳೇ. ಚೆನ್ನಾಗಿದೆ. ಸಹಿ ಹಾಕು."

ಸೊರಾಯಾ ಹೋದ ಮೇಲೆ ತಟ್ಟೆ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಅಂದಳು: "ಮೂರು ಸಾವಿರದ ಎಂಟುನೂರ ಐವತ್ತು."

"ಏನದು?"

"ನನ್ನ ಸಂಬಳ."

ನನಗೆ ನಂಬಿಕೆಯಾಗಲಿಲ್ಲ. ಅವಳು ನಲ್ಲಿ ನಿಲ್ಲಿಸಿ ಕೂತಳು. ಮೊದಲು ಸೇರಿದಾಗ ಕೊಟ್ಟದ್ದು ಮೂರು ಸಾವಿರವಂತೆ. ಆಗ ನಮ್ಮ ದೇಶದ ಹಣ ಎಸ್ಕುದೊ. ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಗುಣಿಸಿದಳಂತೆ. ಮೂರೂಮುಕ್ಕಾಲು ಲಕ್ಷ! ರೈಲ್ವೆಯಲ್ಲಿ ಹಳಿ ಕಾಯುತ್ತಿದ್ದ ಅವಳ ಅಪ್ಪನಿಗೆ ತಿಂಗಳಿಗೆ ಒಂದು ಲಕ್ಷವೂ ಇರಲಿಲ್ಲ.

"ಖುಷಿಗೆ ಅತ್ತುಬಿಟ್ಟೆ, ಕೊಂಪಾದ್ರೆ. ಇಷ್ಟು ಕೊಡೋರ ಹತ್ರ ಇನ್ನೂ ಕೇಳೋದು ಪಾಪ ಅನ್ನಿಸ್ತು. ಆಮೇಲೆ ಅಭ್ಯಾಸ ಆಗೋಯ್ತು. ಬೆಲೆ ಏರಿದಾಗ ಎಲ್ರಿಗೂ ಕೊಡೋ ಹಾಗೆ ಇಪ್ಪತ್ತು, ಮೂವತ್ತು ಹಾಕ್ತಿದ್ರು. ಅಷ್ಟೇ. ನಾನು ಒಂದು ದಿನನೂ ಬಾಯಿಬಿಟ್ಟು ಕೇಳ್ಲಿಲ್ಲ."

ಊರವರಿಗೆಲ್ಲ ದಂಡ ಹಾಕುತ್ತಿದ್ದ ಹೆಂಗಸು ಯಾರ ತಪ್ಪಿಗೆ ಹಾಗೆ ಮಾಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಆವತ್ತೇ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮೇಜು ಗುದ್ದಿದೆ.

"ನಾಳೆನೇ ಮ್ಯಾನೇಜರ್ ಹತ್ರ ಹೋಗು. ಆ ಹುಡುಗಿ ಕಾಗದಾನ ಅವನ ಮೂತಿ ಮುಂದೆ ಹಿಡಿ. ನಾಚಿಕೆ ಆಗಲ್ವಾ ಅಂತ ಕೇಳು!"

"ಕಾಗದ ಅವಳದ್ದು, ನಂದಲ್ಲ. ಮೂರು ತಿಂಗಳು ಅವಳಿಗೆ ಪ್ರೊಬೇಷನ್. ಏಳು ದಿನದ ನೋಟಿಸ್ ಕೊಟ್ಟು ಕಳಿಸ್ಬಹುದು. ಬಂದ ತಕ್ಷಣ ಸಂಬಳದ ವಿಷ್ಯ ಊರೆಲ್ಲ ಹೇಳ್ಕೊಂಡು ಬಂದ್ಳು ಅಂದ್ರೆ ಏನ್ಮಾಡ್ತಾರೆ? ನಂಗೆ ಏರಿಸೋದಕ್ಕಿಂತ ಅವಳನ್ನ ಮನೆಗೆ ಕಳಿಸೋದು ಅವ್ರಿಗೆ ಸುಲಭ."

"ಹಾಗಾದ್ರೆ?"

"ಮೇ ತಿಂಗಳು ಮುಗೀಲಿ. ಅವಳು ಗಟ್ಟಿಯಾದ ಮೇಲೆ ಹೋಗ್ತೀನಿ."

ನನ್ನ ಸಂಬಳ ಎಷ್ಟೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೂಗಾಡುವ ಭರದಲ್ಲಿ ಅದಕ್ಕೆ ಸಮಯವಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಟ್ರಾಮ್ ಹತ್ತಿದೆ.

ಮಾರ್ಚ್‌ನಲ್ಲಿ ಸೊರಾಯಾ ಕೆಲಸಕ್ಕೆ ಸೇರಿದಳು. ದೆಲ್ಮಿರಾ ಅವಳನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಕಲಿಸಿದಳು. ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸುತ್ತಿದ್ದಳು. ಹುಡುಗಿ ಒಮ್ಮೆ ಒಂದು ಹೋಟೆಲಿನ ಬಟ್ಟೆಯನ್ನು ಇನ್ನೊಂದು ಹೋಟೆಲಿನ ಗಾಡಿಗೆ ತುಂಬಿದಾಗ ದೆಲ್ಮಿರಾ ತಪ್ಪು ತನ್ನದೆಂದು ಹೇಳಿ ಬೈಸಿಕೊಂಡಳು. ಇದೆಲ್ಲ ಯಾಕೆಂದು ಸೊರಾಯಾಳಿಗೆ ತಿಳಿಯದು. "ಈ ಮುದುಕಿಗೆ ನನ್ನ ಮೇಲೆ ಯಾಕಿಷ್ಟು ಕಣ್ಣು?" ಎಂದು ನನ್ನ ಹತ್ತಿರವೇ ಗೊಣಗಿದಳು.

ಏಪ್ರಿಲ್‌ನಲ್ಲಿ ಡೀಟಿಕಾನ್‌ನಲ್ಲಿ ಒಂದು ಮನೆ ಬಂತು. ಎರಡು ಕೋಣೆ, ಸಾವಿರದ ನಾನೂರು. ನೋಡಲು ಬಂದವರ ಸಾಲು ಮೆಟ್ಟಿಲಿಳಿದು ಬೀದಿಯ ತನಕ ಇತ್ತು. ಮಹಡಿಯಿಂದ ಇಳಿದು ಬರುವಾಗ ದೆಲ್ಮಿರಾಳ ಮುಖ ಅರಳಿತ್ತು. ಬಾಲ್ಕನಿಗೆ ಬೆಳಗಿನ ಬಿಸಿಲು ಬರುತ್ತದಂತೆ, ಲೋಸಾನ್ ರೈಲಿಗೂ ದೂರವಿಲ್ಲ. ನಾಲ್ಕನೇ ದಿನಕ್ಕೆ ಅರ್ಜಿ ವಾಪಸು ಬಂತು. ಸಂಬಳ ಸಾಲದು ಎಂದು ಒಂದೇ ಸಾಲು.

ನಾನು ಕಾಫಿ ಯಂತ್ರದ ಮುಂದೆ ನಿಂತು ಎಲ್ಲರನ್ನೂ ಬೈದೆ. ಲಾಂಡ್ರಿಯನ್ನು, ಮನೆ ಮಾಲೀಕರನ್ನು, ಐದು ಫ್ರಾಂಕಿಗೆ ಒಂದು ಗುಟುಕು ಕಾಫಿ ಮಾರುವ ಈ ಊರನ್ನು, ಮಾತಾಡದ ನಮ್ಮ ಜನರನ್ನು. "ನಮ್ಮೋರಿಗೆ ಬೆನ್ನುಮೂಳೆನೇ ಇಲ್ಲ!" ಅಂದೆ.

"ಕೊಂಪಾದ್ರೆ, ಮೆತ್ತಗೆ," ಅಂದಳು ದೆಲ್ಮಿರಾ. "ಬಿಪಿ ಏರಿದ್ರೆ ಇಲ್ಲಿ ಮಾತ್ರೆನೂ ದುಬಾರಿ."

ಜೂನ್ ಮೊದಲ ಸೋಮವಾರ ಅವಳು ಮ್ಯಾನೇಜರ್ ಎಗ್ಲಿಯವರ ಕೋಣೆಗೆ ಹೋದಳು. ಹತ್ತೇ ನಿಮಿಷ. ನಾನು ಕೈಯಿಂದಲೇ ಮಡಚಬೇಕಾದ ದೊಡ್ಡ ಮೇಜುಬಟ್ಟೆಗಳ ಹತ್ತಿರ ಕಾಯುತ್ತಿದ್ದೆ. ಬಂದು ಎದುರಿಗೆ ನಿಂತು ಬಟ್ಟೆಯ ಎರಡು ಮೂಲೆ ಹಿಡಿದಳು.

"ಏನಂದ?"

"ಒಳ್ಳೆಯವನೇ. ಕೂತ್ಕೊಳಿ ಅಂದ, ನೀರು ಕೊಟ್ಟ. ಇಪ್ಪತ್ತಾರು ವರ್ಷದಲ್ಲಿ ನೀವು ಒಂದ್ಸಲನೂ ಬರ್ಲಿಲ್ಲ, ನಿಮಗೆ ತೃಪ್ತಿ ಇದೆ ಅಂತ ಅಂದ್ಕೊಂಡಿದ್ವಿ ಅಂದ. ಬರೋ ತಿಂಗಳಿಂದ ನಾಲ್ಕು ಸಾವಿರದ ಐವತ್ತು. ಈಗ ಸೇರೋರಿಗೆ ಕೊಡೋ ಅಷ್ಟೇ." ಬಟ್ಟೆ ಒದರಿದಳು. "ಮನೆಗೆ ಇನ್ನೂ ನೂರೈವತ್ತು ಸಾಲ್ದು. ಇದಕ್ಕಿಂತ ಜಾಸ್ತಿ ಈ ಕೆಲ್ಸಕ್ಕೆ ಯಾರಿಗೂ ಇಲ್ವಂತೆ."

ನಾನು ಏನೂ ಅನ್ನಲಿಲ್ಲ. ನಾನು ಏನೂ ಅನ್ನದೇ ಇರುವುದು ಅಪರೂಪ. ಅವಳು ತಲೆಯೆತ್ತಿ ನೋಡಿದಳು.

"ಕೊಂಪಾದ್ರೆ, ನಿಂದೆಷ್ಟು?"

ಸುಳ್ಳು ಹೇಳಬೇಕೆನಿಸಿತು. ನಾಲ್ಕು ಸಾವಿರದ ನೂರು ಎಂಬ ಮಾತು ನಾಲಿಗೆಯ ಮೇಲೇ ಇತ್ತು.

"ನಾಲ್ಕು ಸಾವಿರದ ಆರುನೂರು."

"ನೀನು ಬಂದಿದ್ದು ನನಗಿಂತ ನಾಲ್ಕು ವರ್ಷ ಆಮೇಲೆ."

"ಹೌದು."

"ರೋಲರ್ ಕಲಿಸ್ದೋಳು ನಾನು."

"ಹೌದು."

"ಫೆಬ್ರವರೀಲೂ ಇಷ್ಟೇ ಇತ್ತಾ? ಆವತ್ತು ನಮ್ಮನೆ ಮೇಜು ಗುದ್ದಿದಾಗ?"

"ಇತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ನಾನು ಕೇಳಿ ಪಡೆದದ್ದೂ ಅಲ್ಲ ಅದು. ಸೇರುವಾಗಲೇ, ಗಂಡಸು, ಸಂಸಾರವಂತ ಎಂದು ಹೆಚ್ಚಿಗೆ ಕೊಟ್ಟಿದ್ದರು. ಹೇಳಿದರೆ ಎಲ್ಲಿ ನನ್ನದನ್ನೇ ಇಳಿಸಿಬಿಡುತ್ತಾರೋ ಎಂಬ ಭಯವಿತ್ತು. ನನಗೆ ಅರವತ್ತೊಂದು, ಪಿಂಚಣಿಗೆ ನಾಲ್ಕು ವರ್ಷ. ಮೂರು ತಿಂಗಳು ನಾನು ಊರನ್ನೆಲ್ಲ ಬೈದದ್ದು ಆ ಭಯವನ್ನು ಮುಚ್ಚಿಕೊಳ್ಳುವುದಕ್ಕೆ.

"ಸಂಬಳದ ಚೀಟಿ ನಾಳೆ ತಗೊಂಡ್ಬಾ," ಅಂದಳು. "ಒಂಬತ್ತಕ್ಕೆ ಇಬ್ರೂ ಹೋಗೋಣ."

ಹೋದೆವು. ಎಗ್ಲಿ ಇಬ್ಬರಿಗೂ ನೀರು ಕೊಟ್ಟು, ಯಾರು ಮಾತಾಡ್ತೀರಿ ಎಂದರು. ದೆಲ್ಮಿರಾ ನನ್ನ ಮುಖ ನೋಡಿದಳು. ಚೀಟಿ ತೆಗೆದು ಮೇಜಿನ ಮೇಲಿಟ್ಟೆ, ಅಂಕಿಯನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಅವಳ ಚೀಟಿಯನ್ನೂ ಪಕ್ಕಕ್ಕಿಟ್ಟು ಓದಿ, ಇಬ್ಬರೂ ಒಂದೇ ಬಟ್ಟೆಯ ಎರಡು ತುದಿ ಹಿಡಿಯುತ್ತೇವೆ ಎಂದೆ. ಎಗ್ಲಿ ಎರಡೂ ಚೀಟಿಗಳ ನಕಲು ತೆಗೆದಿಟ್ಟುಕೊಂಡರು. ಮೂರು ವಾರ ಬಿಟ್ಟು ಅವಳಿಗೆ ನಾಲ್ಕು ಸಾವಿರದ ಆರುನೂರರ ಪತ್ರ ಬಂತು. ನನ್ನದನ್ನು ಯಾರೂ ಮುಟ್ಟಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅವಳಿಗೆ ಸಿಕ್ಕಿದ್ದು ಗೂಡ್ಸ್ ರೈಲು ಓಡಾಡುವ ಹಳಿಯ ಪಕ್ಕದ ಮನೆ. ಬಾಡಿಗೆ ಸಾವಿರದ ಐನೂರು, ಬಿಸಿಲು ಬೀಳದ ಕೋಣೆಗಳು. ಸಾಮಾನು ಹೊತ್ತು ನಾಲ್ಕು ಮಹಡಿ ಹತ್ತಿದವನು ನಾನೇ. ಕೊನೆಯ ಪೆಟ್ಟಿಗೆ ಇಳಿಸಿ ಏದುಸಿರು ಬಿಡುತ್ತಿದ್ದಾಗ ಅವಳು ಕಿಟಕಿ ಮುಚ್ಚಿ, ಸಮಾಧಾನವಾಗಿಯೇ ಹೇಳಿದಳು:

"ನಾನು ಮೂರು ತಿಂಗಳು ಕಾದಿದ್ದು ಆ ಹುಡುಗಿ ಕೆಲ್ಸಕ್ಕೆ ಕುತ್ತು ಬರ್ಬಾರ್ದು ಅಂತ. ಫೆಬ್ರವರೀಲೇ ನಿನ್ನ ಚೀಟಿ ಕೈಲಿದ್ದಿದ್ರೆ ಅವಳ ಕಾಗದನೇ ಬೇಕಿರ್ಲಿಲ್ಲ."